‘ಸೆಟ್’ ಅಂದರೆ ಕೂರಿಸು. ಹಾಗಾದರೆ ಕೋರ್ಟು ಆದೇಶವನ್ನು ಎಲ್ಲಿ ಕೂರಿಸಿತು?

ಕೆಳಗಿನ ಕೋರ್ಟಿನ ಆದೇಶವನ್ನು ಹೈಕೋರ್ಟು ‘ಸೆಟ್ ಅಸೈಡ್’ ಮಾಡಿತು ಅಂತ ಇಂಗ್ಲಿಷ್ ಸುದ್ದಿ ಬರುತ್ತದೆ. ಅವಸರದಲ್ಲಿ ಅನುವಾದ ಮಾಡುವವರು ‘ಆದೇಶವನ್ನು ಬದಿಗಿಟ್ಟಿತು’ ಅಂತ ಬರೆದು ಮುಂದೆ ಹೋಗುತ್ತಾರೆ. ಓದಿದವರಿಗೆ ಸದ್ಯಕ್ಕೆ ಪಕ್ಕಕ್ಕೆ ಇಟ್ಟಿದ್ದಾರೆ, ಆಮೇಲೆ ತೆಗೆದು ನೋಡುತ್ತಾರೆ ಅನಿಸುತ್ತದೆ. ಆದರೆ ಆ ಆದೇಶದ ಕಥೆ ಅಲ್ಲಿಗೆ ಮುಗಿದಿದೆ. ಬರೆಯಬೇಕಿದ್ದ ಮಾತು ‘ರದ್ದುಪಡಿಸಿತು’. ಒಂದು ಸಣ್ಣ ಪದ ತಪ್ಪಿದ್ದಕ್ಕೆ ಗೆದ್ದವನು ಯಾರು, ಸೋತವನು ಯಾರು ಅನ್ನುವುದೇ ಮಸುಕಾಗುತ್ತದೆ.

ಸೆಟ್ ಇಂಥ ಎಡವಟ್ಟು ಮಾಡಿಸುವುದಕ್ಕೆ ಹೆಸರುವಾಸಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿ 20 ಸಂಪುಟಗಳದ್ದು. ಅದರಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಇದೇ ಕ್ರಿಯಾಪದದ್ದು: ಸುಮಾರು 60,000 ಪದಗಳಷ್ಟು ವಿವರಣೆ, 430ರಷ್ಟು ಅರ್ಥ. ಈಚಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥಗಳೊಂದಿಗೆ ಇದನ್ನು ಹಿಂದೆ ಹಾಕಿದೆ. ಆ ಒಂದು ಪದದ ಮುಂದೆ ಸಂಪಾದಕ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಕೂತಿದ್ದರಂತೆ. ಪಟ್ಟ ಹೋದರೂ ಅನುವಾದಕರಿಗೆ ಸೆಟ್ಟೇ ಹೆಚ್ಚು ಕಷ್ಟ ಅನ್ನುವುದು ನನ್ನ ಅಭಿಪ್ರಾಯ. ‘ರನ್’ನಲ್ಲಿ ಎಲ್ಲೋ ಒಂದು ಕಡೆ ಓಟ ಕಾಣುತ್ತದೆ. ಸೆಟ್‌ನಲ್ಲಿ ಏನು ಕಾಣುತ್ತದೆ?

ಕಾಣುವುದು ಕೂರಿಸುವ ಕೆಲಸ. ಇಂಗ್ಲಿಷಿನಲ್ಲಿ ‘ಸಿಟ್’ ಅಂದರೆ ಕೂರು, ‘ಸೆಟ್’ ಅಂದರೆ ಕೂರಿಸು. ‘ಲೈ–ಲೇ’, ‘ರೈಸ್–ರೇಸ್’, ‘ಫಾಲ್–ಫೆಲ್’ ಇದೇ ಥರದ ಜೋಡಿಗಳು: ಮಲಗು–ಮಲಗಿಸು, ಏಳು–ಎಬ್ಬಿಸು, ಬೀಳು–ಬೀಳಿಸು. ನಾವು ‘ಇಸು’ ಹಚ್ಚಿ ಮಾಡುವ ಕೆಲಸವನ್ನು ಹಳೆಯ ಇಂಗ್ಲಿಷು ಸ್ವರ ಬದಲಿಸಿ ಮಾಡುತ್ತಿತ್ತು. ಬೇರು ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ ‘ಸದ್’ ಧಾತು ಇದರ ದಾಯಾದಿ. ಸದನ, ಸದಸ್ಯ, ಸಂಸತ್, ಪರಿಷತ್, ಉಪನಿಷತ್ ಎಲ್ಲದರಲ್ಲೂ ಕೂರುವ ಕೆಲಸವೇ ಇದೆ. (ಈಚೆಗೆ ಸದನದಲ್ಲಿ ಕೂರುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಆ ಮಾತು ಬೇರೆ.)

ಕನ್ನಡದ ‘ಕೂರಿಸು’ ಕೂಡ ಕಡಿಮೆ ಆಸಾಮಿಯಲ್ಲ. ಗಣಪತಿ ಕೂರಿಸುತ್ತೇವೆ, ದಸರೆಗೆ ಗೊಂಬೆ ಕೂರಿಸುತ್ತೇವೆ, ಉಂಗುರಕ್ಕೆ ಹರಳು ಕೂರಿಸುತ್ತೇವೆ, ಕೋಳಿಯನ್ನು ಕಾವಿಗೆ ಕೂರಿಸುತ್ತೇವೆ, ಜಾರಿದ ಮೂಳೆಯನ್ನು ಅದರ ಜಾಗಕ್ಕೆ ಕೂರಿಸುತ್ತೇವೆ. ಕೊನೆಯ ಮೂರಕ್ಕೂ ಇಂಗ್ಲಿಷಿನಲ್ಲಿ ಸೆಟ್ಟೇ. ಹಾಗಾಗಿ ಗೊತ್ತಿಲ್ಲದ ಜಾಗದಲ್ಲಿ ಸೆಟ್ ಸಿಕ್ಕರೆ ಮೊದಲು ‘ಕೂರಿಸು’ ಹಾಕಿ ನೋಡಿ. ವಾಕ್ಯ ನಿಲ್ಲದೇ ಹೋಗಬಹುದು, ಆದರೂ ಅರ್ಥ ಯಾವ ದಿಕ್ಕಿನಲ್ಲಿದೆ ಅನ್ನುವುದು ಹೊಳೆಯುತ್ತದೆ. ಅಲಾರಂ ಸೆಟ್ ಮಾಡುವುದೆಂದರೆ ಮುಳ್ಳನ್ನು ಒಂದು ಗಂಟೆಯ ಮೇಲೆ ಕೂರಿಸುವುದು. ದರ ಸೆಟ್ ಮಾಡುವುದೆಂದರೆ ದರವನ್ನು ಒಂದು ಅಂಕಿಯ ಮೇಲೆ ಕೂರಿಸುವುದು, ನಮ್ಮ ಮಾತಿನಲ್ಲಿ ನಿಗದಿ ಮಾಡುವುದು. ಪ್ರಶ್ನೆಪತ್ರಿಕೆ ಸೆಟ್ ಮಾಡುವುದು, ಅಚ್ಚಿನ ಮೊಳೆ ಸೆಟ್ ಮಾಡುವುದು, ಕವಿತೆಯನ್ನು ರಾಗಕ್ಕೆ ಸೆಟ್ ಮಾಡುವುದು ಇದೇ ಜಾಡು. ಕನ್ನಡ ಒಂದೊಂದಕ್ಕೂ ಬೇರೆ ಬೇರೆ ಕ್ರಿಯಾಪದ ಇಟ್ಟುಕೊಂಡಿದೆ: ತಯಾರಿಸು, ಜೋಡಿಸು, ಅಳವಡಿಸು. ಬಲೆಯಾದರೆ ಒಡ್ಡುತ್ತೇವೆ, ಬೋನಾದರೆ ಇಡುತ್ತೇವೆ, ಬೆಂಕಿಯಾದರೆ ಹಚ್ಚುತ್ತೇವೆ. ಎಲ್ಲ ಕಡೆಯೂ ಸೆಟ್ ಅಂತಲೇ ಬರೆದಿರುವ ಇಂಗ್ಲಿಷ್ ವಾಕ್ಯ ಸಿಕ್ಕಾಗ ಕರ್ಮ ಯಾವುದು ಅಂತ ನೋಡಿ. ಕನ್ನಡದ ಕ್ರಿಯಾಪದವನ್ನು ಆ ಕರ್ಮವೇ ಆರಿಸಿಕೊಡುತ್ತದೆ.

ಕರ್ಮವೇ ಇಲ್ಲದಿದ್ದರೆ? ಆಗ ವಸ್ತು ತಾನಾಗಿಯೇ ಕೂತುಕೊಳ್ಳುತ್ತಿದೆ ಅಂತ ಅರ್ಥ. ಸೂರ್ಯ ಸೆಟ್ ಆಗುತ್ತಾನೆ, ಸಿಮೆಂಟು ಸೆಟ್ ಆಗುತ್ತದೆ, ಮೊಸರು, ಜೆಲ್ಲಿ, ಮುರಿದ ಮೂಳೆ, ಮಾವಿನ ಹೂವಿನ ಕಾಯಿ ಎಲ್ಲ ಸೆಟ್ ಆಗುತ್ತವೆ. ಸೂರ್ಯನ ವಿಷಯ ಸುಲಭ: ಮುಳುಗುತ್ತಾನೆ, ಹಳೆಯ ಮಾತಿನಲ್ಲಿ ಕಂತುತ್ತಾನೆ. ಮಿಕ್ಕವನ್ನು ನಿಂತು ನೋಡಬೇಕು, ಏಕೆಂದರೆ ಅಲ್ಲಿ ಪದದ ತಪ್ಪು ಕೆಲಸದ ತಪ್ಪೂ ಆಗುತ್ತದೆ.

ಸಿಮೆಂಟನ್ನೇ ತೆಗೆದುಕೊಳ್ಳಿ. ಕೈಪಿಡಿಗಳ ಅನುವಾದದಲ್ಲಿ ‘ಸಿಮೆಂಟ್ ಒಣಗಲು ಬಿಡಿ’ ಅಂತ ಬರೆದಿರುತ್ತಾರೆ. ಸಿಮೆಂಟು ಸೆಟ್ ಆಗುವುದಕ್ಕೂ ಒಣಗುವುದಕ್ಕೂ ಸಂಬಂಧವೇ ಇಲ್ಲ. ಅದು ನೀರಿನ ಜೊತೆ ರಾಸಾಯನಿಕವಾಗಿ ಕೂಡಿಕೊಂಡು ಗಟ್ಟಿಯಾಗುತ್ತದೆ, ನೀರೊಳಗೆ ಮುಳುಗಿದ್ದರೂ ಸೆಟ್ ಆಗುತ್ತದೆ. ಒಣಗಲು ಬಿಟ್ಟರೆ ಆ ಕ್ರಿಯೆ ಅರ್ಧಕ್ಕೆ ನಿಂತು ಬಿರುಕು ಬಿಡುತ್ತದೆ, ಮೇಲ್ಮೈ ಪುಡಿಪುಡಿ ಉದುರುತ್ತದೆ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಆರಂಭಿಕ ಸೆಟ್ಟಿಂಗ್ 30 ನಿಮಿಷಕ್ಕಿಂತ ಬೇಗ ಆಗಬಾರದು, ಅಂತಿಮ ಸೆಟ್ಟಿಂಗ್ 600 ನಿಮಿಷ ದಾಟಬಾರದು. ಮೊದಲನೆಯದು ಮೇಸ್ತ್ರಿಗೆ ಸಂಬಂಧಿಸಿದ್ದು: ಅಷ್ಟರೊಳಗೆ ಕಲಸಿದ್ದನ್ನು ಹಾಕಿ ಮಟ್ಟ ಮಾಡಬೇಕು. ತಟ್ಟೆಯಲ್ಲಿ ಬಿಗಿಯಾಗುತ್ತಾ ಬಂದ ಗಾರೆಗೆ ಮತ್ತೆ ನೀರು ಹೊಡೆದು ಮೆತ್ತಗೆ ಮಾಡುವವರಿದ್ದಾರೆ. ಆಗಷ್ಟೇ ಕಟ್ಟಿಕೊಳ್ಳುತ್ತಿದ್ದ ಬಂಧ ಅಲ್ಲಿಗೆ ಮುರಿಯುತ್ತದೆ, ನೀರು ಹೆಚ್ಚಾಗಿ ಬಲವೂ ಕುಗ್ಗುತ್ತದೆ. ಗಾರೆ ಮೆತ್ತಗಾಯಿತು ಅನ್ನುವ ಸಮಾಧಾನ ಒಂದೇ ಲಾಭ.

ಸೆಟ್ ಆದ ಮೇಲೆ ಬರುವುದು ಕ್ಯೂರಿಂಗ್, ನೀರು ಉಣಿಸುವುದು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ. ಹಾರುಬೂದಿ ಬೆರೆಸಿದ ಪಿಪಿಸಿ ಥರದ ಸಿಮೆಂಟಿಗೆ ಕನಿಷ್ಠ 10 ದಿನ. ಹಾಗಾಗಿ ಇಂಗ್ಲಿಷ್ ಕೈಪಿಡಿಯಲ್ಲಿ ಸೆಟ್, ಹಾರ್ಡನ್, ಕ್ಯೂರ್, ಡ್ರೈ ನಾಲ್ಕೂ ಬಂದರೆ ನಾಲ್ಕಕ್ಕೂ ‘ಒಣಗು’ ಬಳಿಯಬೇಡಿ. ಸೆಟ್‌ಗೆ ‘ಬಿಗಿಯಾಗು’ ಅಥವಾ ಮೇಸ್ತ್ರಿಗಳು ಹೇಳುವ ಹಾಗೆ ‘ಸೆಟ್ ಆಗು’, ಹಾರ್ಡನ್‌ಗೆ ‘ಗಟ್ಟಿಯಾಗು’, ಕ್ಯೂರ್‌ಗೆ ‘ಕ್ಯೂರಿಂಗ್ ಮಾಡು’. ಇಲ್ಲಿ ಶುದ್ಧ ಕನ್ನಡದ ಹಟ ಹಿಡಿದರೆ ಚಾವಣಿ ಸೋರುತ್ತದೆ.

ಮೊಸರಿನ ಸೆಟ್‌ಗೆ ನಮ್ಮಲ್ಲಿ ಇಂಗ್ಲಿಷಿಗಿಂತ ಒಳ್ಳೆಯ ಪದಗಳೇ ಇವೆ. ಹೆಪ್ಪು ಹಾಕುವುದು ಮನುಷ್ಯ ಮಾಡುವ ಕೆಲಸ, ಹೆಪ್ಪುಗಟ್ಟುವುದು ಹಾಲು ಮಾಡುವ ಕೆಲಸ. ಇಂಗ್ಲಿಷಿನಲ್ಲಿ ಎರಡಕ್ಕೂ ಸೆಟ್. ಕಾಯಿಸಿದ ಹಾಲು 40ರಿಂದ 45 ಡಿಗ್ರಿಗೆ, ಅಂದರೆ ಬೆರಳು ಅದ್ದಿದರೆ ಬೆಚ್ಚಗೆ ಹಿತವಾಗುವಷ್ಟಕ್ಕೆ, ಇಳಿದ ಮೇಲೆ ಅರ್ಧ ಲೀಟರಿಗೆ ಒಂದು ಚಮಚ ಮೊಸರು ಹಾಕಿ ಕದಲಿಸಿ ಅಲುಗಾಡದಂತೆ ಇಡುವುದು. ಅದಕ್ಕಿಂತ ತೀರಾ ಬಿಸಿ ಇದ್ದರೆ ಹೆಪ್ಪಿನ ಜೀವಾಣು ಸಾಯುತ್ತವೆ, ತೀರಾ ತಣ್ಣಗಿದ್ದರೆ ಬೆಳಗಾದರೂ ಲೋಳೆಲೋಳೆಯಾಗಿಯೇ ಇರುತ್ತದೆ. ಅರ್ಧ ಗಟ್ಟಿಯಾದಾಗ ಪಾತ್ರೆ ಅಲ್ಲಾಡಿಸಿದರೆ ನೀರು ಬಿಟ್ಟುಕೊಳ್ಳುತ್ತದೆ. ಪಾಕವಿಧಾನದಲ್ಲಿ ‘ಸೆಟ್ ಆಗಲು ಫ್ರಿಜ್ಜಿನಲ್ಲಿಡಿ’ ಅಂತ ಬರುವುದು ಬೇರೆ ಸಂಗತಿ. ಅದು ಜೆಲ್ಲಿ, ಪುಡ್ಡಿಂಗ್ ಥರದ್ದಕ್ಕೆ, ತಣ್ಣಗಾಗಿ ಗಟ್ಟಿಯಾಗುವುದು. ಎರಡಕ್ಕೂ ಹೆಪ್ಪುಗಟ್ಟು ಅಂದರೆ ನಡೆಯುತ್ತದೆ. ಆದರೆ ಮೊಸರನ್ನು ಸೆಟ್ ಆಗಲಿ ಅಂತ ಫ್ರಿಜ್ಜಿಗೆ ಕಳಿಸಬೇಡಿ.

ಮೂಳೆಯ ವಿಷಯದಲ್ಲಿ ವೈದ್ಯರು ಮೂಳೆಯನ್ನು ಸೆಟ್ ಮಾಡಿದರು ಅಂದರೆ ಸರಿ ಜಾಗಕ್ಕೆ ಕೂರಿಸಿದರು. ಮೂಳೆ ಸೆಟ್ ಆಗಿದೆ ಅಂದರೆ ಕೂಡಿಕೊಂಡಿದೆ. ಮೊದಲನೆಯದು ಗಾಯವಾದ ದಿನದ ಮಾತು, ಎರಡನೆಯದು ವಾರಗಳ ನಂತರದ್ದು. ರೋಗಿಯ ಕಡತವನ್ನು ಕನ್ನಡಕ್ಕೆ ತರುವಾಗ ಇವೆರಡನ್ನು ಅದಲುಬದಲು ಮಾಡಿದರೆ ಅನಾಹುತ. ‘ಬೋನ್‌ಸೆಟರ್’ ಅಂದರೆ ಡಾಕ್ಟರಲ್ಲ, ಪುತ್ತೂರು ಕಟ್ಟು ಹಾಕುವಂಥ ನಾಟಿ ವೈದ್ಯ.

ಇನ್ನು ತೋಟಕ್ಕೆ ಬನ್ನಿ. ‘ಫ್ರೂಟ್ ಸೆಟ್’ ಅನ್ನುವುದು ಕೃಷಿ ಕರಪತ್ರಗಳಲ್ಲಿ ‘ಹಣ್ಣಿನ ಸೆಟ್’ ಆಗಿಬಿಡುತ್ತದೆ. ಅದನ್ನು ಓದಿದ ರೈತ ಹಣ್ಣಿನ ಬುಟ್ಟಿ ಅಂತ ತಿಳಿದುಕೊಂಡರೆ ತಪ್ಪು ಅವನದಲ್ಲ. ಅವನ ಬಾಯಲ್ಲೇ ಇದಕ್ಕೆ ಪದ ಇದೆ: ಕಾಯಿ ಕಚ್ಚುವುದು. ಮಾವಿನ ಒಂದು ಹೂಗೊಂಚಲಿನಲ್ಲಿ ಗಂಡು ಹೂವೂ ದ್ವಿಲಿಂಗಿ ಹೂವೂ ಬೆರೆತಿರುತ್ತವೆ. ಕಾಯಿ ಕಚ್ಚುವುದು ದ್ವಿಲಿಂಗಿ ಹೂವುಗಳು ಮಾತ್ರ, ಅವುಗಳಲ್ಲೂ ಬಹುಪಾಲು ಹೀಚಿನಲ್ಲೇ ಉದುರುತ್ತವೆ. ಮರ ಹೂ ತುಂಬಿ ನಿಂತರೂ ಫಸಲು ಬರದಿದ್ದರೆ ‘ಹೂ ಬಿಟ್ಟಿತ್ತು, ಕಾಯಿ ಕಚ್ಚಲಿಲ್ಲ’ ಅನ್ನುತ್ತಾರೆ. ಇಂಗ್ಲಿಷ್ ಪ್ರಬಂಧಗಳ ‘ಪೂರ್ ಫ್ರೂಟ್ ಸೆಟ್’ ಇದೇ. ಧಾನ್ಯದಲ್ಲಿ ‘ಸೀಡ್ ಸೆಟ್’ ಬಂದರೆ ಕಾಳು ಕಟ್ಟುವುದು.

ಕಬ್ಬಿನ ಗದ್ದೆಯಲ್ಲಿ ಇನ್ನೊಂದು ಇದೆ. ಅಲ್ಲಿನ ‘ಸೆಟ್’ಗೆ ಕೊನೆಯಲ್ಲಿ ಎರಡು ಟೀ ಹಾಕಿ ಬರೆಯುತ್ತಾರೆ. ಅದು ನೆಡುವ ತುಂಡು, ಎರಡೋ ಮೂರೋ ಕಣ್ಣಿರುವ ಕಬ್ಬಿನ ಬಿತ್ತನೆ ತುಂಡು. ಇಲ್ಲೂ ಮೂಲ ಅರ್ಥ ಮಣ್ಣಲ್ಲಿ ಕೂರಿಸುವುದೇ. ‘ತ್ರೀ ಬಡೆಡ್ ಸೆಟ್ಸ್’ ಅನ್ನುವುದನ್ನು ‘ಮೂರು ಮೊಗ್ಗಿನ ಸೆಟ್‌ಗಳು’ ಅಂತ ಬರೆದರೆ ಮಂಡ್ಯದಲ್ಲಿ ನಗುತ್ತಾರೆ. ಮೂರು ಕಣ್ಣಿನ ತುಂಡು ಅಂದರೆ ಎಲ್ಲರಿಗೂ ಗೊತ್ತು.

ಇಷ್ಟು ಕ್ರಿಯಾಪದದ ಕಥೆ. ನಾಮಪದದ ಸೆಟ್ ಹೊರಗಿನಿಂದ ನೋಡಲು ಅದೇ ಪದ, ಹುಟ್ಟಿದ ಮನೆ ಬೇರೆ. ಗುಂಪು ಅನ್ನುವ ಅರ್ಥದ್ದು ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಬಂದದ್ದು. ಪಂಥ ಅನ್ನುವ ‘ಸೆಕ್ಟ್’ ಕೂಡ ಅದರದ್ದೇ ಕುಡಿ. ಒಬ್ಬನ ಹಿಂದೆ ಹೋಗುವವರ ಗುಂಪು. ಕಾಲಾಂತರದಲ್ಲಿ ಎರಡೂ ಒಂದರೊಳಗೊಂದು ಬೆರೆತು, ಈಗ ನಿಘಂಟುಕಾರರಿಗಷ್ಟೇ ಬೇರೆ ಬೇರೆಯಾಗಿ ಕಾಣುತ್ತವೆ. ನಮಗೆ ಇದರಿಂದ ಸಿಗುವ ಉಪಯೋಗ ಏನೆಂದರೆ, ಹಿಂದೆ ‘ಎ’, ‘ದಿ’ ಅಥವಾ ಒಂದು ಅಂಕಿ ಇದ್ದು ಮುಂದೆ ಒಂದೇ ‘ಎಫ್’ ಇರುವ ‘ಆಫ್’ ಬಂದರೆ ‘ಕೂರಿಸು’ ಅನ್ನುವ ಕೀಲಿಕೈಯನ್ನು ಜೇಬಿಗೆ ಹಾಕಿಕೊಳ್ಳಬಹುದು. ಅಲ್ಲಿ ಬೇಕಾದದ್ದು ಜೊತೆ, ಜೋಡಣೆ, ಕಟ್ಟು, ಬಳಗ.

ಒಟ್ಟಿಗೆ ಇದ್ದರೇನೇ ಕೆಲಸಕ್ಕೆ ಬರುವ ವಸ್ತುಗಳಿಗೆ ಸೆಟ್ ಅನ್ನುವ ರೂಢಿ. ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲಿರುವ ‘ಪಂಪ್‌ಸೆಟ್’ ಇದಕ್ಕೆ ಒಳ್ಳೆಯ ಉದಾಹರಣೆ. ನೀರೆತ್ತುವ ಪಂಪು, ಅದನ್ನು ತಿರುಗಿಸುವ ಮೋಟರು, ಎರಡನ್ನೂ ಕೂಡಿಸಿದ ಜೋಡಿ. ಮೋಟರು ಸುಟ್ಟುಹೋದಾಗ ‘ಪಂಪ್‌ಸೆಟ್ ಹೋಯ್ತು’ ಅನ್ನುತ್ತೇವೆ, ನಿಜಕ್ಕೂ ಪಂಪು ನೆಟ್ಟಗಿರುತ್ತದೆ. ವಿದ್ಯುತ್ ಕಂಪನಿಗಳ ಕಾಗದದಲ್ಲಿ ‘ಐಪಿ ಸೆಟ್’ ಅಂದರೆ ಇದೇ ನೀರಾವರಿ ಪಂಪ್‌ಸೆಟ್. ರಾಜ್ಯದಲ್ಲಿ ಉಚಿತ ವಿದ್ಯುತ್ತಿನ ಮಿತಿ 10 ಎಚ್‌ಪಿ ಅಂತ ಬರೆದಿರುವುದು ಇವಕ್ಕೇ. ಡೀಸೆಲ್ ಜನರೇಟರಿನ ‘ಡಿಜಿ ಸೆಟ್’ನಲ್ಲೂ ಎಂಜಿನ್ನು ಮತ್ತು ಆಲ್ಟರ್ನೇಟರಿನ ಜೋಡಿ. ಹಳೆಯ ‘ರೇಡಿಯೋ ಸೆಟ್’ ಕೂಡ ಬಿಡಿಭಾಗಗಳ ಜೋಡಣೆ ಅನ್ನುವ ಅರ್ಥದ್ದೇ.

ಗಣಿತದಲ್ಲಿ ಮಾತ್ರ ಈ ಒಟ್ಟಿಗಿರುವ ಮಾತು ನಡೆಯದು. ಕನ್ನಡ ಪಠ್ಯಗಳಲ್ಲಿ ಸೆಟ್‌ಗೆ ‘ಗಣ’, ಸಬ್‌ಸೆಟ್‌ಗೆ ‘ಉಪಗಣ’, ಒಳಗೆ ಏನೂ ಇಲ್ಲದ್ದಕ್ಕೆ ‘ಶೂನ್ಯ ಗಣ’. ಗಣದೊಳಗಿನವುಗಳಿಗೆ ಪರಸ್ಪರ ನೆಂಟಸ್ತನ ಬೇಕಿಲ್ಲ. ಅನುಕ್ರಮ ಲೆಕ್ಕಕ್ಕಿಲ್ಲ, ಒಂದೇ ವಸ್ತು ಎರಡು ಸಲ ಬಂದರೂ ಒಂದೇ. ಆರು ಲೋಟದ ಸೆಟ್ಟು ಅಂಗಡಿಯಲ್ಲಿ ಆರು ಲೋಟ, ಗಣಿತದಲ್ಲಿ ಒಂದೇ ಥರದ ಅಂಕಿ ಆರು ಸಲ ಬರೆದರೆ ಒಂದೇ ಅಂಶದ ಗಣ. ಮಕ್ಕಳಿಗೆ ‘ಟೀ ಸೆಟ್ ಇದ್ದ ಹಾಗೆ’ ಅಂತ ಉದಾಹರಣೆ ಕೊಟ್ಟು ಶುರುಮಾಡುವ ಮೇಷ್ಟರುಗಳಿಗೆ ಎರಡನೇ ದಿನ ತಲೆನೋವು ಶುರುವಾಗುವುದು ಇದೇ ಕಾರಣಕ್ಕೆ. ಬೇರೆ ಬೇರೆ ಅಂಕಿಗಳಿರುವ ಚೀಟಿಗಳ ಡಬ್ಬ ಹೆಚ್ಚು ಒಳ್ಳೆಯ ಉದಾಹರಣೆ.

ಆಟದಲ್ಲಿ ಸೆಟ್ ಅಂದರೆ ಪಂದ್ಯದ ಒಂದು ಖಂಡ. ಟೆನಿಸ್‌ನಲ್ಲಿ ಎರಡರ ಅಂತರದಿಂದ 6 ಗೇಮ್, 6–6 ಆದರೆ ಟೈಬ್ರೇಕರ್. ವಾಲಿಬಾಲ್‌ನಲ್ಲಿ 25 ಪಾಯಿಂಟ್, ಐದನೇ ಸೆಟ್ಟಾದರೆ 15, ಅಲ್ಲೂ ಎರಡರ ಅಂತರ ಬೇಕು. ವಾಲಿಬಾಲ್ ವೀಕ್ಷಕ ವಿವರಣೆ ಅನುವಾದಿಸುವವರಿಗೆ ಒಂದು ಎಚ್ಚರಿಕೆ: ಸ್ಮ್ಯಾಷ್ ಹೊಡೆಯುವವನಿಗೆ ಚೆಂಡನ್ನು ನೆಟ್ಟಿನ ಪಕ್ಕ ಎತ್ತಿಕೊಡುವುದೂ ಸೆಟ್ಟೇ, ಎತ್ತಿಕೊಡುವವನು ಸೆಟರ್. ಊರ ಟೂರ್ನಿಗಳಲ್ಲಿ ಅವನನ್ನು ಲಿಫ್ಟರ್ ಅನ್ನುತ್ತಾರೆ, ಆ ಪದ ಹಾಕಿದರೆ ಗೊಂದಲವೇ ಇಲ್ಲ. ಕ್ರಿಕೆಟ್ಟಿನ ‘ಸೆಟ್ ಬ್ಯಾಟರ್’ ಕ್ರೀಸಿಗೆ ಹೊಂದಿಕೊಂಡು ನೆಲೆಯೂರಿದವನು. ಇವನು ಮತ್ತೆ ಕೂರುವ ಮನೆಯವನು, ಗುಂಪಿನ ಮನೆಯವನಲ್ಲ. ಜಿಮ್ಮಿನ ಮೂರು ಸೆಟ್, ಹತ್ತು ರೆಪ್ ಅಂದರೆ ಒಟ್ಟು ಮೂವತ್ತು ಸಲ, ಅಷ್ಟೇ.

ನಿಜವಾದ ತೊಡಕು ಇರುವುದು ಬಾಲದಲ್ಲಿ. ಅಸೈಡ್, ಆಫ್, ಇನ್, ಔಟ್, ಬ್ಯಾಕ್, ಅಪ್ ಥರದ ಚಿಕ್ಕ ಪದ ಸೇರಿದರೆ ಸೆಟ್‌ನ ಅರ್ಥ ಬಾಲದ ಕೈಗೆ ಹೋಗುತ್ತದೆ. ಅದೂ ಪಕ್ಕದಲ್ಲೇ ಇರುತ್ತದೆ ಅನ್ನುವ ಭರವಸೆ ಇಲ್ಲ. ಇಂಗ್ಲಿಷ್ ವಾಕ್ಯದಲ್ಲಿ ಸೆಟ್ ಮೊದಲ ಸಾಲಿನಲ್ಲಿದ್ದು, ಮಧ್ಯೆ ಆದೇಶದ ದಿನಾಂಕ, ಸಂಖ್ಯೆ, ಕೋರ್ಟಿನ ಹೆಸರೆಲ್ಲ ಬಂದು, ಮೂರನೇ ಸಾಲಿನಲ್ಲಿ ಒಂಟಿಯಾಗಿ ‘ಅಸೈಡ್’ ನಿಂತಿರಬಹುದು. ಆದ್ದರಿಂದ ಪೂರ್ಣವಿರಾಮದವರೆಗೆ ಓದದೆ ಸೆಟ್‌ಗೆ ಕನ್ನಡ ಬರೆಯಬೇಡಿ.

ಮತ್ತೆ ಕೋರ್ಟಿಗೆ ಹೋಗೋಣ. ಆದೇಶ, ತೀರ್ಪು, ಡಿಕ್ರಿ ಇವುಗಳ ಜೊತೆ ‘ಸೆಟ್ ಅಸೈಡ್’ ಬಂದರೆ ರದ್ದುಪಡಿಸು. ‘ಸ್ಟೇ’ ಬಂದರೆ ತಡೆ, ಆದೇಶ ಬದುಕಿದೆ ಆದರೆ ಸದ್ಯ ಜಾರಿ ಆಗದು. ‘ಡಿಸ್ಮಿಸ್’ ಬಂದರೆ ವಜಾ, ಮತ್ತು ವಜಾ ಆಗುವುದು ಮೇಲ್ಮನವಿಯೋ ಅರ್ಜಿಯೋ ಹೊರತು ಆದೇಶವಲ್ಲ. ಮೇಲ್ಮನವಿ ವಜಾ ಆದರೆ ಕೆಳಗಿನ ಕೋರ್ಟಿನ ಆದೇಶ ಗಟ್ಟಿಯಾಯಿತು. ಆದೇಶ ಸೆಟ್ ಅಸೈಡ್ ಆದರೆ ಅದೇ ಆದೇಶ ಹೋಯಿತು. ಎರಡೂ ತದ್ವಿರುದ್ಧ. ‘ಆದೇಶ ವಜಾ’ ಅಂತ ಶೀರ್ಷಿಕೆ ಕೊಟ್ಟರೆ ಕಕ್ಷಿದಾರನ ಮನೆಯಲ್ಲಿ ಹಬ್ಬವೋ ಸೂತಕವೋ ಗೊತ್ತಾಗದು.

ಪ್ರತಿವಾದಿ ಹಾಜರಾಗದೆ ಏಕಪಕ್ಷೀಯ ಡಿಕ್ರಿ ಆದಾಗ ಅದನ್ನು ಸೆಟ್ ಅಸೈಡ್ ಮಾಡಿಸಲು ಅರ್ಜಿ ಹಾಕಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 13ರಲ್ಲಿ ಇದು ಬರುತ್ತದೆ. ಕಾಲಮಿತಿ ಡಿಕ್ರಿ ಆದ ದಿನದಿಂದ 30 ದಿನ, ಸಮನ್ಸ್ ಸರಿಯಾಗಿ ಜಾರಿ ಆಗಿರದಿದ್ದರೆ ಡಿಕ್ರಿಯ ವಿಷಯ ಗೊತ್ತಾದ ದಿನದಿಂದ 30 ದಿನ. ಇಂಥ ನೋಟಿಸಿನ ಕನ್ನಡದಲ್ಲಿ ‘ಬದಿಗಿರಿಸಲು’ ಅಂತ ಇದ್ದರೆ ಓದಿದವರು ಅವಸರ ಇಲ್ಲ ಅಂದುಕೊಳ್ಳುತ್ತಾರೆ. ದಿನ ಎಣಿಸುವ ಜಾಗದಲ್ಲಿ ಅದು ದುಬಾರಿ ತಪ್ಪು. ಅದೇ ‘ಸೆಟ್ ಅಸೈಡ್’ ಮುಂದೆ ಹಣ ಬಂದರೆ ತೆಗೆದಿಡು, ಎತ್ತಿಡು, ಬಜೆಟ್ಟಾದರೆ ಮೀಸಲಿಡು. ಅಡುಗೆಯ ಪುಟದಲ್ಲಿ ಬಂದರೆ ಹುರಿದದ್ದನ್ನು ತೆಗೆದು ಪಕ್ಕಕ್ಕಿಡು. ‘ಬದಿಗಿಡು’ ಸರಿ ಹೊಂದುವುದು ಇಲ್ಲಿ.

ಎರಡು ‘ಎಫ್’ ಇರುವ ‘ಸೆಟ್ ಆಫ್’ ಇನ್ನೂ ಚಪಲ. ಜನ ಊರಿಗೆ ಸೆಟ್ ಆಫ್ ಆದರೆ ಹೊರಟರು. ಪಟಾಕಿ ಸೆಟ್ ಆಫ್ ಮಾಡಿದರೆ ಹೊಡೆದರು. ಹೊಗೆ ಅಲಾರಮ್ಮನ್ನು ಸೆಟ್ ಆಫ್ ಮಾಡಿದರೆ ಅಲಾರಂ ಕೂಗಿಕೊಂಡಿತು. ಇಲ್ಲಿ ‘ಆಫ್’ ನೋಡಿ ‘ಅಲಾರಂ ಆರಿಸಿತು’ ಅಂತ ಬರೆಯುವವರಿದ್ದಾರೆ, ಅರ್ಥ ನೇರ ಉಲ್ಟಾ. ಲೆಕ್ಕಪತ್ರದಲ್ಲಿ ಬಂದರೆ ಒಂದರಲ್ಲಿ ಇನ್ನೊಂದನ್ನು ಕಳೆದುಕೊಳ್ಳುವುದು. ಆದಾಯ ತೆರಿಗೆಯಲ್ಲಿ ಅಲ್ಪಾವಧಿ ಬಂಡವಾಳ ನಷ್ಟವನ್ನು ಅಲ್ಪಾವಧಿ, ದೀರ್ಘಾವಧಿ ಎರಡೂ ಲಾಭಗಳ ಎದುರು ಸೆಟ್ ಆಫ್ ಮಾಡಿಕೊಳ್ಳಬಹುದು. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದ ಎದುರು ಮಾತ್ರ. ಉಳಿದದ್ದನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು, ಗಡುವಿನೊಳಗೆ ರಿಟರ್ನ್ ಸಲ್ಲಿಸಿದ್ದರೆ. ಕನ್ನಡದಲ್ಲಿ ‘ಹೊಂದಾಣಿಕೆ’ ಅಥವಾ ‘ವಜಾ ಹಾಕಿಕೊಳ್ಳುವುದು’ ಸರಿ. (ಕೆಲಸದಿಂದ ವಜಾ, ಅರ್ಜಿ ವಜಾ, ಲೆಕ್ಕದಲ್ಲಿ ವಜಾ. ನಮ್ಮಲ್ಲೂ ಒಂದು ಪುಟ್ಟ ಸೆಟ್ ಇದೆ.) ಕ್ರಿಮಿನಲ್ ತೀರ್ಪಿನ ಕೊನೆಯಲ್ಲಿ ಬರುವ ‘ಸೆಟ್ ಆಫ್’ ಕೂಡ ಕಳೆಯುವುದೇ: ವಿಚಾರಣೆ ಮುಗಿಯುವವರೆಗೆ ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯ ಅವಧಿಯಲ್ಲಿ ಕಳೆಯುವುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಮು ಇದಕ್ಕೇ ಇದ್ದದ್ದು.

‘ಸೆಟ್ ಇನ್’ಗೆ ಕನ್ನಡದ ‘ಹಿಡಿ’ಯಷ್ಟು ಒಪ್ಪುವ ಪದ ಇನ್ನೊಂದಿಲ್ಲ. ಮಳೆ ಹಿಡಿಯಿತು, ಚಳಿ ಹಿಡಿಯಿತು. ಒಂದು ಸಲ ಬಂದು ಹೋಗುವುದಕ್ಕೆ ‘ಸೆಟ್ ಇನ್’ ಅನ್ನುವುದಿಲ್ಲ, ಬಂದು ಠಿಕಾಣಿ ಹೂಡಬೇಕು. ಹಾಗಾಗಿ ‘ಮುಂಗಾರು ಪ್ರವೇಶಿಸಿತು’ಗಿಂತ ‘ಮುಂಗಾರು ಹಿಡಿಯಿತು’ ಹೆಚ್ಚು ಹತ್ತಿರ. ಗಾಯಕ್ಕೆ ಕೀವು, ಮರಕ್ಕೆ ಕೊಳೆ ‘ಸೆಟ್ ಇನ್’ ಆದರೆ ಹತ್ತಿಕೊಂಡಿತು.

‘ಸೆಟ್ ಔಟ್’ ಅಂದರೆ ಒಂದು ಗುರಿ ಇಟ್ಟು ಹೊರಡು, ಅಥವಾ ಒಂದೊಂದಾಗಿ ಬಿಡಿಸಿ ಹೇಳು. ಮನೆ ಕಟ್ಟುವ ಜಾಗದ ‘ಸೆಟ್ಟಿಂಗ್ ಔಟ್’ ಮೂರನೆಯದು: ನಕ್ಷೆಯಲ್ಲಿರುವ ಗೆರೆಯನ್ನು ನೆಲದ ಮೇಲೆ ಇಳಿಸುವುದು. ಸೈಟಿನಲ್ಲಿ ಇದನ್ನು ಮಾರ್ಕಿಂಗ್ ಅನ್ನುತ್ತಾರೆ. ಗೂಟ ಹೊಡೆದು, ದಾರ ಎಳೆದು, ಸುಣ್ಣದ ಪುಡಿ ಉದುರಿಸುವುದು. ಮೂಲೆ ಸರಿಯಾಗಿ ಲಂಬಕೋನ ಇದೆಯೇ ಅಂತ ನೋಡಲು ಒಂದು ದಾರದ ಮೇಲೆ ಮೂಲೆಯಿಂದ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಮಾಡಿ, ಎರಡರ ನಡುವೆ ಅಳತೆ ಹಿಡಿದರೆ ಸರಿಯಾಗಿ 5 ಅಡಿ ಬರಬೇಕು. ಅರ್ಧ ಇಂಚು ಆಚೀಚೆ ಆದರೂ 40 ಅಡಿ ಗೋಡೆಯ ಆ ಕೊನೆಯಲ್ಲಿ ಅದು ಹಲವು ಇಂಚಾಗಿ ಹೊರಬೀಳುತ್ತದೆ. ಅದಕ್ಕೇ ಬಲ್ಲವರು 6–8–10 ಅಥವಾ 9–12–15 ಹಿಡಿಯುತ್ತಾರೆ. ಇದನ್ನು ‘ಹೊರಡುವಿಕೆ’ ಅಂತ ಅನುವಾದಿಸಿದರೆ ಮೇಸ್ತ್ರಿ ನಿಜವಾಗಿಯೂ ಹೊರಟುಹೋಗಬಹುದು.

ಅದೇ ಸೈಟಿನ ‘ಸೆಟ್‌ಬ್ಯಾಕ್’ ಗಡಿಗೂ ಗೋಡೆಗೂ ನಡುವೆ ಬಿಡಬೇಕಾದ ಖಾಲಿ ಜಾಗ. ಚುನಾವಣೆಯ ಸುದ್ದಿಯಲ್ಲಿ ಹಿನ್ನಡೆ. ‘ಸೆಟ್ ಬ್ಯಾಕ್’ ಬಿಡಿಸಿ ಬರೆದು ಮುಂದೆ ದುಡ್ಡಿನ ಅಂಕಿ ಬಂದರೆ ಅಷ್ಟು ಖರ್ಚಾಯಿತು ಅಂತ. ‘ಸೆಟ್ ಅಪ್’ ಸ್ಥಾಪಿಸು, ಅಣಿಮಾಡು. ಆದರೆ ಕರ್ಮದ ಜಾಗದಲ್ಲಿ ಮನುಷ್ಯ ಇದ್ದರೆ ಜಾಗ್ರತೆ. ಅವನನ್ನು ಸಂಚು ಮಾಡಿ ಸಿಕ್ಕಿಹಾಕಿಸಿದ್ದಾರೆ ಅನ್ನುವ ಅರ್ಥವೂ ಇದೆ.

ಕಂಪ್ಯೂಟರು, ಫೋನುಗಳ ಕನ್ನಡದಲ್ಲಿ ತೊಂದರೆ ಬೇರೆ ಥರದ್ದು. ಸೆಟ್‌ಗೆ ಭೂತಕಾಲದ ರೂಪವೂ ಸೆಟ್ಟೇ, ಕೃದಂತವೂ ಸೆಟ್ಟೇ. ‘ಅಲಾರಂ ಸೆಟ್’ ಅಂತ ಎರಡೇ ಪದದ ಸಾಲು ಅನುವಾದಕ್ಕೆ ಬಂದರೆ ಅದು ಗುಂಡಿಯ ಮೇಲಿನ ಆಜ್ಞೆಯೋ, ಕೆಲಸ ಮುಗಿದ ಮೇಲಿನ ಸುದ್ದಿಯೋ ನೋಡಿದೊಡನೆ ಹೇಳುವಂತಿಲ್ಲ. ಮೊದಲನೆಯದಾದರೆ ‘ಅಲಾರಂ ಹೊಂದಿಸಿ’, ಎರಡನೆಯದಾದರೆ ‘ಅಲಾರಂ ಹೊಂದಿಸಲಾಗಿದೆ’. ತಪ್ಪಿದರೆ ಈಗಾಗಲೇ ಹೊಂದಿಸಿದವನನ್ನು ಫೋನು ಮತ್ತೆ ಹೊಂದಿಸು ಅನ್ನುತ್ತದೆ. ಇಂಥ ಸಾಲುಗಳಲ್ಲಿ ಪದದ ಕ್ರಮವೇ ಸುಳಿವು: ಸೆಟ್ ಮೊದಲು ಬಂದರೆ ಬಹುಮಟ್ಟಿಗೆ ಆಜ್ಞೆ, ಕೊನೆಗೆ ಬಂದರೆ ಬಹುಮಟ್ಟಿಗೆ ವರದಿ. ‘ನಾಟ್ ಸೆಟ್’ ಇದ್ದರೆ ‘ಹೊಂದಿಸಿಲ್ಲ’. ಒಂಟಿ ‘ಸೆಟ್’ ಮಾತ್ರ ಇದ್ದರೆ ಪರದೆಯ ಚಿತ್ರ ಕೇಳಿ ತರಿಸಿಕೊಳ್ಳಿ. ಊಹೆ ಬೇಡ. ಪ್ರೋಗ್ರಾಮಿನ ಪಾಠವಾದರೆ ಅದು ‘ಗಣ’ವೂ ಆಗಿರಬಹುದು.

ಇನ್ನು ನಮ್ಮದೇ ಸೆಟ್‌ಗಳು. ಸೆಟ್ ದೋಸೆಯಲ್ಲಿ ಪದದ ಎರಡೂ ಮನೆತನ ಒಂದೇ ತಟ್ಟೆಗೆ ಬರುತ್ತವೆ. ಹೆಸರಿಗೆ ಕಾರಣ ಮೂರರ ಜೊತೆ, ಸಾಗು–ಚಟ್ನಿಯೊಂದಿಗೆ. ಆದರೆ ಅದು ಸೆಟ್ ದೋಸೆ ಆಗುವುದು ಹೆಂಚಿನ ಮೇಲೆ ಹಿಟ್ಟು ಸೆಟ್ ಆಗುವ ರೀತಿಯಿಂದ. ಎರಡು ಲೋಟ ದೋಸೆ ಅಕ್ಕಿಗೆ ಅರ್ಧ ಲೋಟ ಉದ್ದು, ಅರ್ಧ ಲೋಟ ಗಟ್ಟಿ ಅವಲಕ್ಕಿ, ಒಂದು ಚಮಚ ಮೆಂತ್ಯ. ಹಿಟ್ಟು ಮಸಾಲೆ ದೋಸೆಯದಕ್ಕಿಂತ ದಪ್ಪ. ಸುರಿದು ಸ್ವಲ್ಪವೇ ಹರಡಿ, ಮುಚ್ಚಿಟ್ಟು, ಮಗುಚದೆ ಒಂದೇ ಬದಿ ಬೇಯಿಸುವುದು. ಹೆಂಚು ತೀರಾ ಕಾದಿದ್ದರೆ ಗುಳ್ಳೆ ಮೇಲೇರಿ ಒಡೆಯುವ ಮೊದಲೇ ಹಿಟ್ಟು ಬಿಗಿದುಕೊಂಡುಬಿಡುತ್ತದೆ, ತೂತು ಬೀಳುವುದಿಲ್ಲ. ತಣ್ಣಗಿದ್ದರೆ ಗುಳ್ಳೆ ಒಡೆದು, ಹಿಟ್ಟು ಬಿಗಿಯುವಷ್ಟರಲ್ಲಿ ತೂತು ಮುಚ್ಚಿಕೊಳ್ಳುತ್ತದೆ. ಗುಳ್ಳೆ ಒಡೆಯುವುದು, ಹಿಟ್ಟು ಬಿಗಿಯುವುದು ಎರಡೂ ಒಂದೇ ಹೊತ್ತಿಗೆ ಆಗಬೇಕು.

ಸಿನಿಮಾ ಪತ್ರಕರ್ತರು ಕಟ್ಟಿದ ‘ಸೆಟ್ಟೇರು’ ನನಗೆ ಬಹಳ ಇಷ್ಟದ ಪದ. ಗದ್ದುಗೆ ಏರಿದ ಹಾಗೆ ಚಿತ್ರ ಸೆಟ್ಟೇರುತ್ತದೆ, ಅಂದರೆ ಚಿತ್ರೀಕರಣ ಶುರುವಾಗುತ್ತದೆ, ಒಂದು ಸೆಟ್ಟನ್ನೂ ಹಾಕದೆ ಹೊರಾಂಗಣದಲ್ಲೇ ಮುಗಿಯುವ ಚಿತ್ರವಾದರೂ ಸರಿ. ಇಂಗ್ಲಿಷಿಗೆ ಇದನ್ನು ಪದಶಃ ಕಳಿಸಿದರೆ ಅಲ್ಲಿ ಯಾರಿಗೂ ಅರ್ಥವಾಗದು.

‘ಸೆಟ್ ಆಗಲ್ಲ’ ಕೂಡ ಹಾಗೆಯೇ, ಪೂರಾ ನಮ್ಮದು. ‘ಈ ಬಣ್ಣ ನಿಂಗೆ ಸೆಟ್ ಆಗಲ್ಲ’ ಅಂದರೆ ಒಪ್ಪುವುದಿಲ್ಲ, ಇಂಗ್ಲಿಷಿನಲ್ಲಿ ‘ಸೂಟ್’ ಬೇಕು. ‘ಅತ್ತೆ–ಸೊಸೆಗೆ ಸೆಟ್ ಆಗಲ್ಲ’ ಅಂದರೆ ‘ಗೆಟ್ ಅಲಾಂಗ್’. ‘ಆ ಊರಿನ ನೀರು ನಂಗೆ ಸೆಟ್ ಆಗಲ್ಲ’ ಅಂದರೆ ‘ಅಗ್ರೀ’. ಮೂರರಲ್ಲಿ ಒಂದಕ್ಕೂ ಇಂಗ್ಲಿಷಿನವರು ಸೆಟ್ ಬಳಸುವುದಿಲ್ಲ. ಇಂಗ್ಲಿಷಿನಲ್ಲಿ ಮಾತಾಡುವಾಗ ‘ಇಟ್ ಈಸ್ ನಾಟ್ ಸೆಟ್ಟಿಂಗ್ ಫಾರ್ ಮಿ’ ಅಂದರೆ ಬೆಂಗಳೂರಿನಲ್ಲಿ ಎಲ್ಲರಿಗೂ ತಿಳಿಯುತ್ತದೆ. ಲಂಡನ್ನಿನಲ್ಲಿ ಹೇಳಿದರೆ ಎದುರಿನವರು ಸಿಮೆಂಟೋ ಜೆಲ್ಲಿಯೋ ಅಂತ ಕೇಳಬಹುದು.